ಮೂರನೇ ಕಲ್ಲು

ನನ್ನ ತಮ್ಮನಿಗೆ ಚಿಕ್ಕಂದಿನಿಂದಲೂ ರೇಸು ಕಾರುಗಳ ಹುಚ್ಚು. ನಮ್ಮೂರಿನಲ್ಲಿ ಓಡಾಡುತ್ತಿದ್ದುದು ಎರಡು ಜೀಪು, ಒಂದು ಅಂಬಾಸಿಡರ್, ಕಾಫಿ ತೋಟದವರ ಒಂದು ಫಿಯೆಟ್. ಅಷ್ಟರಲ್ಲಿ ಅವನಿಗೆ ಈ ಹುಚ್ಚು ಎಲ್ಲಿಂದ ಹತ್ತಿತೋ ಕಾಣೆ. ಪತ್ರಿಕೆಗಳಲ್ಲಿ ಬಂದ ಕಾರಿನ ಚಿತ್ರಗಳನ್ನೆಲ್ಲ ಕತ್ತರಿಸಿ, ಅಪ್ಪನ ಹಳೆಯ ಜೀಪಿನ ಲೆಕ್ಕದ ಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಗಳಿಗೆ ಅನ್ನದ ಗಂಜಿ ಹಚ್ಚಿ ಅಂಟಿಸುತ್ತಿದ್ದ.

1996ರ ಅಕ್ಟೋಬರಿನಲ್ಲಿ, ದಸರಾ ರಜೆಗೆ ನಾನು ಊರಿಗೆ ಹೋಗಿದ್ದಾಗ, ಅಂಥದೊಂದು ಚಿತ್ರವನ್ನು ಕತ್ತರಿಸುತ್ತ ಕೂತಿದ್ದ. ಜಪಾನಿನ ಸುಜುಕಾದಲ್ಲಿ ಗೆದ್ದು ಆ ವರ್ಷದ ವಿಶ್ವ ಚಾಂಪಿಯನ್ ಆದ ಡೇಮನ್ ಹಿಲ್ ಎಂಬಾತನ ಚಿತ್ರ. ಕಡುನೀಲಿ ಹೆಲ್ಮೆಟ್ಟು, ಅದರ ಸುತ್ತ ಬಿಳಿಯ ಪಟ್ಟೆಗಳು. "ಅಕ್ಕಾ, ಈ ಹೆಲ್ಮೆಟ್ಟಿನ ಗುರುತು ಇವನದಲ್ಲ, ಇವನ ಅಪ್ಪನದು. ಅವನೂ ಚಾಂಪಿಯನ್ನೇ," ಎಂದ. "ಅಪ್ಪ ಈಗೇನು ಮಾಡ್ತಾನೆ?" ಎಂದು ಸುಮ್ಮನೆ ಕೇಳಿದೆ. "ಇಲ್ಲ. ಮಂಜಿನಲ್ಲಿ ಪುಟ್ಟ ವಿಮಾನ ಇಳಿಸೋಕೆ ಹೋಗಿ..." ಎಂದವನು ಅಲ್ಲಿಗೇ ನಿಲ್ಲಿಸಿದ. ಅಪ್ಪ ಜಗಲಿಯಲ್ಲಿ ಕೂತಿದ್ದರು. ನಮ್ಮ ಮನೆಯಲ್ಲಿ ಕೆಲವು ಮಾತುಗಳನ್ನು ಅವರ ಮುಂದೆ ಪೂರ್ತಿ ಮಾಡುವ ರೂಢಿ ಇರಲಿಲ್ಲ.

ಆ ಅರ್ಧ ವಾಕ್ಯವನ್ನು ಪೂರ್ತಿ ಮಾಡಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು. ಸಮಾಜ ಪಾಠ ಮಾಡುವ ನನಗೂ ಕಾರಿನ ರೇಸಿಗೂ ಏನು ಸಂಬಂಧ ಎಂದು ಸಹೋದ್ಯೋಗಿಗಳು ನಕ್ಕದ್ದಿದೆ. ಸಿಕ್ಕಲ್ಲಿ ಸಿಕ್ಕಷ್ಟು ಓದಿದೆ. ತಮ್ಮ ದೊಡ್ಡವನಾಗಿ ಅವನ ಹುಚ್ಚು ಇಳಿದ ಮೇಲೂ ನಾನು ಓದುತ್ತಲೇ ಇದ್ದೆ.

ಗ್ರಹಾಮ್ ಹಿಲ್ ಹುಟ್ಟಿದ್ದು 1929ರಲ್ಲಿ, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ಇಪ್ಪತ್ನಾಲ್ಕು ವರ್ಷ ತುಂಬುವವರೆಗೆ ಅವನು ಕಾರು ಓಡಿಸುವ ಪರೀಕ್ಷೆಯನ್ನೇ ಪಾಸು ಮಾಡಿರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಅಲ್ಲಿಯವರೆಗೆ ಅವನ ಆಸಕ್ತಿ ದೋಣಿ ಹುಟ್ಟು ಹಾಕುವುದರಲ್ಲಿ. ಹೆಂಡತಿ ಬೆಟ್ ಕೂಡ ಹುಟ್ಟು ಹಾಕುವವಳೇ. ಹೆಲ್ಮೆಟ್ಟಿನ ಮೇಲಿನ ಆ ಬಿಳಿಯ ಪಟ್ಟೆಗಳು ಲಂಡನ್ ರೋಯಿಂಗ್ ಕ್ಲಬ್ಬಿನ ಹುಟ್ಟುಗಳ ಗುರುತು. ತಡವಾಗಿ ಶುರು ಮಾಡಿದವನು 1962ರಲ್ಲೂ 1968ರಲ್ಲೂ ವಿಶ್ವ ಚಾಂಪಿಯನ್ ಆದ. ಮೊನಾಕೊದ ಇಕ್ಕಟ್ಟಾದ ಬೀದಿಗಳ ರೇಸನ್ನು ಐದು ಸಲ ಗೆದ್ದ. ಅಮೆರಿಕದ ಇಂಡಿಯಾನಾಪೊಲಿಸ್ 500ನ್ನು 1966ರಲ್ಲಿ, ಫ್ರಾನ್ಸಿನ ಲ ಮಾನ್‌ನ ಇಪ್ಪತ್ನಾಲ್ಕು ಗಂಟೆಯ ರೇಸನ್ನು 1972ರಲ್ಲಿ ಗೆದ್ದ. ತೆಳು ಮೀಸೆ, ತಮಾಷೆಯ ಮಾತು, ಟಿವಿಯಲ್ಲಿ ಜನ ಕಾದು ನೋಡುವಂಥ ಆಸಾಮಿ.

ಅವನ ಬದುಕಿನ ಒಂದು ಪ್ರಸಂಗದ ಹತ್ತಿರ ಮಾತ್ರ ನಾನು ಪ್ರತಿಸಲವೂ ನಿಲ್ಲುತ್ತೇನೆ. 1969ರಲ್ಲಿ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಕಾರು ಗಿರ್ರನೆ ತಿರುಗಿ ನಿಂತುಬಿಟ್ಟಿತು. ಇಳಿದು, ತಾನೇ ತಳ್ಳಿ, ಚಾಲೂ ಮಾಡಿಕೊಂಡು ಮತ್ತೆ ಹತ್ತಿದ. ಆದರೆ ರೇಸು ಕಾರಿನ ಬೆಲ್ಟನ್ನು ಒಬ್ಬನೇ ಬಿಗಿದುಕೊಳ್ಳಲಾಗದು. ಬಿಗಿಯದೆಯೇ ಹೊರಟ. ಸ್ವಲ್ಪ ದೂರದಲ್ಲಿ ಟೈರು ಹೋಯಿತು, ಕಾರು ಉರುಳಿತು, ಅವನು ಹೊರಗೆಸೆಯಲ್ಪಟ್ಟ. ಎರಡೂ ಕಾಲು ಮುರಿದವು. ಇನ್ನು ರೇಸು ಸಾಕು ಎಂದು ಎಲ್ಲರೂ ಅಂದರು. ಅವನು ಮುಂದಿನ ವರ್ಷದ ಮೊದಲ ರೇಸಿಗೇ ಕುಂಟುತ್ತ ಹಾಜರಾದ. ಇದನ್ನು ಧೈರ್ಯದ ಕಥೆಯಾಗಿ ಹೇಳುವವರೇ ಹೆಚ್ಚು. ನನ್ನ ಕಣ್ಣಿಗೆ ಮಾತ್ರ ಬಿಗಿಯದ ಆ ಬೆಲ್ಟೇ ಕಾಣುತ್ತದೆ. ಟೀಚರ ಕಣ್ಣು, ಏನು ಮಾಡುವುದು.

ಇಂಡಿಯಾನಾಪೊಲಿಸ್‌ನಲ್ಲಿ ಗೆದ್ದ ಹಣದಿಂದ ಅವನೊಂದು ವಿಮಾನ ಕೊಂಡಿದ್ದ. ಪೈಪರ್ ಆಜ್‌ಟೆಕ್ ಎಂಬ ಹೆಸರಿನದು. ಎರಡು ಎಂಜಿನ್, ಆರು ಆಸನ. ಯುರೋಪಿನ ತುಂಬ ನಡೆಯುವ ರೇಸುಗಳಿಗೆ ತಾನೇ ಓಡಿಸಿಕೊಂಡು ಹೋಗಿ ಬರುತ್ತಿದ್ದ. ಆಕಾಶದಲ್ಲಿ ಹೊಸಬನಲ್ಲ, ವರ್ಷಗಳ ಅಭ್ಯಾಸವಿದ್ದವನು. 1973ರಲ್ಲಿ ಸ್ವಂತ ತಂಡ ಕಟ್ಟಿದ. 1975ರ ಬೇಸಿಗೆಯಲ್ಲಿ ರೇಸು ಓಡಿಸುವುದನ್ನು ನಿಲ್ಲಿಸಿ, ಟೋನಿ ಬ್ರೈಸ್ ಎಂಬ ಇಪ್ಪತ್ಮೂರರ ಹುಡುಗನಿಗೆ ತನ್ನ ಕಾರು ಒಪ್ಪಿಸಿದ. ಬೆಟ್ ನಿಟ್ಟುಸಿರು ಬಿಟ್ಟಿರಬೇಕು. ಹದಿನೇಳು ವರ್ಷ ಗಂಡ ರೇಸಿಗೆ ಹೋದಾಗಲೆಲ್ಲ ಕಾದವಳು. ಆ ಕಾಲದ ರೇಸು ಚಾಲಕರ ಹೆಂಡತಿಯರು ಎಷ್ಟು ಶವಯಾತ್ರೆಗಳಿಗೆ ಕಪ್ಪು ಬಟ್ಟೆ ತೊಟ್ಟಿದ್ದರೋ.

ಅದೇ ವರ್ಷ ನವೆಂಬರ್ 29, ಶನಿವಾರ. ದಕ್ಷಿಣ ಫ್ರಾನ್ಸಿನ ಪಾಲ್ ರಿಕಾರ್ ಎಂಬ ರೇಸು ಹಾದಿಯಲ್ಲಿ ಮುಂದಿನ ವರ್ಷದ ಹೊಸ ಕಾರನ್ನು ಓಡಿಸಿ ನೋಡಿದ್ದಾಯಿತು. ಸಂಜೆ ಅಲ್ಲಿಂದ ಹಿಲ್ ತನ್ನ ವಿಮಾನದಲ್ಲಿ ಇಂಗ್ಲೆಂಡಿಗೆ ಹೊರಟ. ಜೊತೆಗೆ ಬ್ರೈಸ್, ಕಾರಿನ ವಿನ್ಯಾಸಕಾರ, ತಂಡದ ವ್ಯವಸ್ಥಾಪಕ, ಇಬ್ಬರು ಮೆಕ್ಯಾನಿಕ್‌ಗಳು. ಆರು ಆಸನ, ಆರು ಜನ. ಇಳಿಯಬೇಕಾದದ್ದು ಲಂಡನ್ನಿನ ವಾಯುವ್ಯಕ್ಕಿರುವ ಎಲ್‌ಸ್ಟ್ರೀ ಎಂಬ ಸಣ್ಣ ಏರೋಡ್ರೋಮಿನಲ್ಲಿ. ಅಲ್ಲಿಂದ ಹಿಲ್‌ನ ಮನೆ ಕೂಗಳತೆ ಎನ್ನುವಷ್ಟು ಹತ್ತಿರ.

ಎಲ್‌ಸ್ಟ್ರೀಯ ಮೇಲೆ ಮಂಜು ಕವಿದಿತ್ತು.

ಮಂಜಿನಲ್ಲಿ ವಿಮಾನ ಇಳಿಸುವುದೆಂದರೇನು ಎಂದು ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಘಟ್ಟದ ಮೇಲೆ ನಿಂತು ನೋಡಿದರೆ ಕೆಳಗಿನ ಊರಿನ ದೀಪಗಳು ಮಂಜಿನ ತೆಳು ಪದರದಡಿಯಲ್ಲಿ ಕಾಣುತ್ತವೆ. ಇಳಿಯುತ್ತ ಆ ಪದರದೊಳಗೆ ಹೊಕ್ಕರೆ ಪಕ್ಕದ ಮರವೂ ಕಾಣದು. ವಿಮಾನಕ್ಕೂ ಹಾಗೆಯೇ. ನೆತ್ತಿಯ ಮೇಲಿಂದ ನೇರವಾಗಿ ನೋಡಿದಾಗ ಮಂಜಿನ ದಪ್ಪ ನೂರಿನ್ನೂರು ಅಡಿ ಮಾತ್ರ. ಓರೆಯಾಗಿ ಇಳಿಯತೊಡಗಿದಾಗ ಅದೇ ಮಂಜನ್ನು ಕಿಲೋಮೀಟರುಗಟ್ಟಲೆ ಸೀಳಿ ನೋಡಬೇಕು. ಮೇಲಿಂದ ಕಂಡ ದೀಪ ಕೆಳಗೆ ಬರುವಷ್ಟರಲ್ಲಿ ಮಾಯ.

ಆಗ ಉಳಿಯುವುದು ಎದುರಿನ ಮುಳ್ಳುಗಳು. ಎತ್ತರ ತೋರಿಸುವ ಮುಳ್ಳು ನಿಜಕ್ಕೂ ಗಾಳಿಯ ಒತ್ತಡ ಅಳೆಯುವ ಮಾಪಕ, ಅಷ್ಟೆ. ಆ ಹೊತ್ತಿನ ಒತ್ತಡವನ್ನು ರೇಡಿಯೋದಲ್ಲಿ ಕೇಳಿ ಅದಕ್ಕೆ ಹೊಂದಿಸಬೇಕು. ಹೊಂದಿಸಿದ ಮೇಲೂ ಅದು ಹೇಳುವುದು ಸಮುದ್ರಮಟ್ಟದಿಂದಲೋ ರನ್‌ವೇಯಿಂದಲೋ ನೀನೆಷ್ಟು ಮೇಲಿದ್ದೀಯ ಎಂದು. ನಿನ್ನ ಹೊಟ್ಟೆಯ ಕೆಳಗೆ ಈಗ ಯಾವ ಮರವಿದೆ ಎಂದು ಅದಕ್ಕೆ ತಿಳಿಯದು. ದೊಡ್ಡ ನಿಲ್ದಾಣಗಳಲ್ಲಿ ನೆಲದಿಂದ ಹೊಮ್ಮುವ ರೇಡಿಯೋ ಕಿರಣಗಳು ಇಳಿಜಾರಿನ ಹಾದಿಯನ್ನು ಕೈಹಿಡಿದು ತೋರಿಸುತ್ತವೆ. ಲಂಡನ್ನಿನ ಹೀಥ್ರೂನಲ್ಲಿ 1965ರಷ್ಟು ಹಿಂದೆಯೇ ಪ್ರಯಾಣಿಕರಿದ್ದ ಟ್ರೈಡೆಂಟ್ ವಿಮಾನವೊಂದು ಯಂತ್ರದ ನೆರವಿನಿಂದ ತಾನೇ ನೆಲ ಮುಟ್ಟಿತ್ತು. ಅದಕ್ಕೂ ಮೊದಲು, ಎರಡನೇ ಮಹಾಯುದ್ಧದಲ್ಲಿ, ಇದೇ ಇಂಗ್ಲಿಷರು ರನ್‌ವೇಯ ಎರಡೂ ಬದಿಗೆ ಕೊಳವೆ ಹಾಸಿ ಪೆಟ್ರೋಲು ಉರಿಸಿ, ಆ ಬಿಸಿಗೆ ಮಂಜನ್ನೇ ಕರಗಿಸಿ ಬಾಂಬರುಗಳನ್ನು ಇಳಿಸಿಕೊಂಡಿದ್ದರು. ಪೆಟ್ರೋಲಿಗೆ ರೇಷನ್ ಇದ್ದ ಕಾಲದಲ್ಲಿ ಬೆಂಕಿಯ ಕಾಲುವೆ! ಆದರೆ ಎಲ್‌ಸ್ಟ್ರೀ ಸಣ್ಣ ಜಾಗ. ಅಲ್ಲಿ ಕೈಹಿಡಿದು ಇಳಿಸುವ ಕಿರಣಗಳಿರಲಿಲ್ಲ.

ಅದಕ್ಕೇ ವಿಮಾನ ಓಡಿಸುವವರಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಇಂತಿಷ್ಟು ಎತ್ತರಕ್ಕೆ ಇಳಿದಾಗ ರನ್‌ವೇಯೋ ಅದರ ದೀಪವೋ ಕಾಣಲೇಬೇಕು. ಕಾಣದಿದ್ದರೆ ಮರುಮಾತಿಲ್ಲದೆ ಮೇಲೇರಬೇಕು. ಬೇಕಾದರೆ ಇನ್ನೊಂದು ಊರಿಗೆ ಹೋಗಿ ಇಳಿಯಬೇಕು.

ಈ ನಿಯಮ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ನಮ್ಮಪ್ಪನದೂ ಇದೇ ನಿಯಮ. ಘಟ್ಟದ ರಸ್ತೆಯ ಅಂಚಿಗೆ ಸುಣ್ಣ ಬಳಿದ ಕಲ್ಲುಗಳಿರುತ್ತವಲ್ಲ, ಮಂಜಿನಲ್ಲಿ ಅವನ್ನು ಎಣಿಸುತ್ತ ಹೋಗಬೇಕು. "ಎರಡು ಕಲ್ಲು ಕಂಡು ಮೂರನೇದು ಕಾಣದಿದ್ದರೆ ಜೀಪು ನಿಲ್ಲಿಸು, ಬೀಡಿ ಹಚ್ಚು," ಎನ್ನುತ್ತಿದ್ದರು.

ಹಿಲ್‌ನ ವಿಮಾನ ಪೂರ್ವದಿಂದ ಇಳಿಯುತ್ತ ಬಂತು. ಆಗ ರಾತ್ರಿ ಒಂಬತ್ತು ದಾಟಿತ್ತು. ಏರೋಡ್ರೋಮಿಗೆ ಇನ್ನೂ ಐದಾರು ಕಿಲೋಮೀಟರ್ ಇರುವಾಗಲೇ, ಆರ್ಕ್ಲಿ ಎಂಬಲ್ಲಿನ ಗಾಲ್ಫ್ ಮೈದಾನದ ಮರಗಳಿಗೆ ಬಡಿಯಿತು. ಅಲ್ಲಿನ ನೆಲ ಏರೋಡ್ರೋಮಿಗಿಂತ ಎತ್ತರದ ದಿಣ್ಣೆ. ವಿಮಾನ ಹೊತ್ತಿ ಉರಿಯಿತು. ಆರು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಹಿಲ್‌ಗೆ ನಲವತ್ತಾರು ವರ್ಷ. ಅಷ್ಟು ಬೇಗ ಅಷ್ಟು ಕೆಳಗೆ ಯಾಕೆ ಬಂದ? ತನಿಖೆ ನಡೆಸಿದವರಿಗೆ ಖಚಿತವಾದ ಕಾರಣ ಸಿಗಲಿಲ್ಲ. ಓಡಿಸಿದವನ ಅಂದಾಜು ತಪ್ಪಿರುವ ಸಾಧ್ಯತೆಯೇ ಹೆಚ್ಚು ಎಂಬಲ್ಲಿಗೆ ನಿಂತರು. ಮನೆ ಹತ್ತಿರವಾದಾಗ ಹಿಡಿಯುವ ಆತುರಕ್ಕೆ ಪೈಲಟ್ಟುಗಳ ನಡುವೆ ಒಂದು ಕಾಯಿಲೆಯ ಹೆಸರೇ ಇದೆ. ಮನೆ ಸೇರುವ ಜ್ವರ ಎಂದು ಕನ್ನಡಿಸಬಹುದು. ಅವನಿಗೂ ಆ ಜ್ವರವಿತ್ತು ಎಂದು ನಾನು ಹೇಳಲಾರೆ. ಬಲ್ಲವರು ಆರೂ ಜನ ಹೋದರು.

ಆ ರಾತ್ರಿ ಹದಿನೈದರ ಡೇಮನ್ ತಂಗಿಯೊಂದಿಗೆ ಟಿವಿ ನೋಡುತ್ತಿದ್ದ. ನಡುವೆ ಸುದ್ದಿ ಬಂತು, ಎಲ್‌ಸ್ಟ್ರೀ ಬಳಿ ಪುಟ್ಟ ವಿಮಾನವೊಂದು ಬಿದ್ದಿದೆ ಎಂದು. ಹೆಸರು ಹೇಳುವ ಮೊದಲೇ ಹುಡುಗನಿಗೆ ಗೊತ್ತಾಗಿತ್ತು.

ಆಮೇಲೆ ಶುರುವಾದದ್ದು ಕಾಗದಗಳ ಕಥೆ. ವಿಮಾನದ ನೋಂದಣಿ ಅಮೆರಿಕದ್ದು. ಅದು ಯಾವಾಗಲೋ ರದ್ದಾಗಿತ್ತು. ಮೈಮೇಲೆ ಹಳೆಯ ಸಂಖ್ಯೆ ಇತ್ತೇ ವಿನಾ ಕಾನೂನಿನ ಪ್ರಕಾರ ಅದು ಯಾವ ದೇಶಕ್ಕೂ ಸೇರದ ವಿಮಾನ. ಹಿಲ್‌ನ ಅಮೆರಿಕನ್ ಲೈಸೆನ್ಸಿನ ಅವಧಿ ಮುಗಿದಿತ್ತು. ಅಂಥ ಹವೆಯಲ್ಲಿ ಓಡಿಸಲು ಬೇಕಾದ ಬ್ರಿಟಿಷ್ ಅರ್ಹತೆಯ ಅವಧಿಯೂ ಮುಗಿದಿತ್ತು. ಹೀಗಾಗಿ ವಿಮೆ ಇದ್ದೂ ಇಲ್ಲದಂತಾಯಿತು.

ಕಾಗದ ಸರಿಯಿದ್ದರೆ ಮಂಜು ತೆಳುವಾಗುತ್ತಿತ್ತೇ ಎಂದು ಕೇಳುವವರಿದ್ದಾರೆ. ಇಲ್ಲ ಎಂದು ನಾನೂ ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ನವೀಕರಣವೆಂದರೆ ಬರೀ ಮೊಹರು ಒತ್ತಿಸಿಕೊಳ್ಳುವುದಲ್ಲ; ಪರೀಕ್ಷಕನೊಬ್ಬ ಪಕ್ಕದಲ್ಲಿ ಕೂತು, ಹೊರಗಿನದೇನೂ ಕಾಣದಂತೆ ಮರೆ ಮಾಡಿ, ಈಗ ಇಳಿಸು ನೋಡೋಣ ಎನ್ನುತ್ತಾನೆ. ಎಷ್ಟೇ ಅನುಭವಿಯಾದರೂ ಆಗಾಗ ಬೇರೆಯವರೊಬ್ಬರು ನಮ್ಮ ಕೈಗಳನ್ನು ನೋಡಬೇಕು. ಇನ್‌ಸ್ಪೆಕ್ಟರು ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತ ದಿನ ನನಗೂ ಸಿಟ್ಟು ಬರುತ್ತಿತ್ತು. ಆದರೆ ನಾನು ಹಲಗೆಯ ಮೇಲೆ ಒಂದು ಇಸವಿಯನ್ನು ನಾಲ್ಕು ವರ್ಷ ತಪ್ಪಾಗಿ ಬರೆಯುತ್ತಿದ್ದುದನ್ನು ಕಂಡುಹಿಡಿದದ್ದು ಅಂಥ ಒಬ್ಬ ಇನ್‌ಸ್ಪೆಕ್ಟರೇ.

ಇನ್ನು ನಮ್ಮ ಮನೆಯ ಮಾತು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಅಪ್ಪ ಈಗಿಲ್ಲ, ಅಮ್ಮನೂ ಇಲ್ಲ.

1983ರ ಜುಲೈ. ಅಪ್ಪನ ಜೀಪು ಬಾಡಿಗೆಯದು. ಕೊಟ್ಟಿಗೆಹಾರದ ಕಡೆಯಿಂದ ಸಂಜೆ ಬರುವಾಗ ತೋಟವೊಂದರ ರೈಟರು ಹತ್ತಿದ್ದರು. ಮಳೆ ನಿಂತು ಮಂಜು ಇಳಿದಿತ್ತು. ದಾರಿಯ ಚಹದಂಗಡಿಯಲ್ಲಿ ಅಪ್ಪ ಜೀಪು ನಿಲ್ಲಿಸಿದ್ದರಂತೆ. ಅರ್ಧ ಗಂಟೆ ಕಾದರು. ಮಂಜು ಸರಿಯಲಿಲ್ಲ. ಊರು ಬರೀ ಮೂರು ತಿರುವಿನಾಚೆ. ಹೊರಡೋಣ ಎಂದು ರೈಟರು ಅಂದರೋ ಅಪ್ಪನೇ ಅಂದರೋ, ಅದನ್ನು ಅಪ್ಪ ಕೊನೆಯವರೆಗೂ ಹೇಳಲಿಲ್ಲ. ಎರಡನೇ ತಿರುವಿನಲ್ಲಿ ಜೀಪು ಕೆಳಗೆ ಹೋಯಿತು. ರೈಟರು ಆಸ್ಪತ್ರೆ ಮುಟ್ಟಲಿಲ್ಲ. ಅಪ್ಪನ ಎಡಗಾಲು ಮತ್ತೆ ನೆಟ್ಟಗಾಗಲಿಲ್ಲ.

ಜೀಪಿನ ಇನ್ಶೂರೆನ್ಸಿನ ಅವಧಿ 22 ದಿನದ ಹಿಂದೆ ಮುಗಿದಿತ್ತು. ಹಣ ತೆಗೆದಿಟ್ಟಿದ್ದರು. ಆದರೆ ಆ ಜೂನಿನಲ್ಲಿ ನಾನು ಹೈಸ್ಕೂಲು ಸೇರಬೇಕಿತ್ತು. ಊರಲ್ಲಿ ಹೈಸ್ಕೂಲಿಲ್ಲ, ಹಾಸ್ಟೆಲಿಗೆ ಮುಂಗಡ ಕಟ್ಟಬೇಕು. ಕಾಫಿ ತೋಟದವರಿಂದ ಬಾಕಿ ಬಾಡಿಗೆ ಬಂದ ಕೂಡಲೇ ಇನ್ಶೂರೆನ್ಸ್ ಕಟ್ಟಿದರಾಯಿತು, ಒಂದು ತಿಂಗಳಲ್ಲಿ ಏನಾಗುತ್ತದೆ ಎಂದುಕೊಂಡರು.

ಹಿರಿಯರ ಮುಂದೆ ರಾಜಿಯಾಯಿತು. 40,000 ರೂಪಾಯಿ. ಅಡಿಕೆಯ ಅರ್ಧ ಎಕರೆ ಮಾರಿ 10,000 ಕೊಟ್ಟರು. ಉಳಿದದ್ದು ತಿಂಗಳಿಗೆ 250ರಂತೆ ಹತ್ತು ವರ್ಷ. ಜೀಪು ಹೋಯಿತು, ಅಪ್ಪ ಸೊಸೈಟಿಯಲ್ಲಿ ಗುಮಾಸ್ತರಾದರು. ಪ್ರತಿ ತಿಂಗಳ ಮೊದಲ ಭಾನುವಾರ ರೈಟರ ಹೆಂಡತಿ ನಮ್ಮ ಮನೆಗೆ ಬರುತ್ತಿದ್ದರು. ಅವರೊಂದಿಗೆ ನನ್ನದೇ ವಯಸ್ಸಿನ ಒಬ್ಬ ಹುಡುಗಿ. ಅಮ್ಮ ಕಾಫಿ ಕೊಡುತ್ತಿದ್ದರು, ಆಕೆ ಕುಡಿಯುತ್ತಿದ್ದರು. ಹಣ ಎಣಿಸುತ್ತಿರಲಿಲ್ಲ. ರಜೆಯಲ್ಲಿ ಮನೆಯಲ್ಲಿದ್ದಾಗ ನಾನು ಆ ಹುಡುಗಿಯ ಪಕ್ಕ ಕೂರಬೇಕಾಗುತ್ತಿತ್ತು. ಅವಳು ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದಳು. ಒಂದು ಸಲ ನನ್ನ ಭೂಗೋಳದ ಪುಸ್ತಕ ತೆಗೆದು ನಕಾಶೆಗಳನ್ನು ಬಹಳ ಹೊತ್ತು ನೋಡಿದಳು. ತಗೋ ಎಂದೆ. ಬೇಡ ಎಂದು ಮೆಲ್ಲಗೆ ಕೆಳಗಿಟ್ಟಳು.

ಹಾಗಾಗಿ ಬೆಟ್ ಹಿಲ್‌ಳ ಕಥೆಯನ್ನು ನಾನು ಇಂಗ್ಲೆಂಡಿನ ಕಥೆಯಾಗಿ ಓದಲಿಲ್ಲ. ಸತ್ತವರ ಮನೆಯವರು ಹಿಲ್‌ನ ಆಸ್ತಿಯ ಮೇಲೆ ದಾವೆ ಹೂಡಿದರು. ಅವರೆಲ್ಲ ಪರಿಚಿತರೇ, ರೇಸಿನ ಮೈದಾನದಲ್ಲಿ ಜೊತೆಗೆ ಕೂತು ಚಹ ಕುಡಿದವರೇ. ಅವರನ್ನು ದೂರುವುದು ಹೇಗೆ? ಅವರ ಮನೆಗಳಲ್ಲೂ ದುಡಿಯುವವನು ಹೋಗಿದ್ದ, ವಿಮೆಯಿಂದ ಬರಬೇಕಾದದ್ದು ಬರುವಂತಿರಲಿಲ್ಲ. ದಾವೆ ಹೂಡದೆ ಬೇರೆ ದಾರಿಯೇ ಇರಲಿಲ್ಲ. ಬೆಟ್ ದೊಡ್ಡ ಮನೆ ಮಾರಿ ಮೂವರು ಮಕ್ಕಳೊಂದಿಗೆ ಚಿಕ್ಕ ಮನೆಗೆ ಬಂದಳು. ಊರೆಲ್ಲ ವೀರನೆಂದು ಕೊಂಡಾಡುವ ಗಂಡ, ಅವನು ಬಿಟ್ಟುಹೋದ ಸಾಲ. ಒಂದೇ ಹೆಸರಿನ ಎರಡನ್ನೂ ಅವಳೇ ಹೊರಬೇಕಾಯಿತು. ಹಿಲ್‌ನ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಗಂಡಸರು. ಅವರು ಈ ಭಾಗವನ್ನು ಎರಡು ಸಾಲಿನಲ್ಲಿ ದಾಟಿಬಿಡುತ್ತಾರೆ. ಮೊನಾಕೊದ ಐದು ಗೆಲುವಿಗೆ ಇಪ್ಪತ್ತು ಪುಟ.

ಡೇಮನ್ ಕೂಲಿ ಕೆಲಸ ಮಾಡಿದ. ಮೋಟರ್ ಸೈಕಲ್ಲಿನಲ್ಲಿ ಲಂಡನ್ನಿನ ಬೀದಿ ಬೀದಿ ಸುತ್ತಿ ಪತ್ರ, ಪೊಟ್ಟಣ ಮುಟ್ಟಿಸುವ ಕೆಲಸ ಮಾಡಿದ. ಮೋಟರ್ ಸೈಕಲ್ ರೇಸಿಗಿಳಿದ. ತಾಯಿಗೆ ಭಯ. ಎರಡು ಗಾಲಿಗಿಂತ ನಾಲ್ಕು ಗಾಲಿ ವಾಸಿ ಎಂದುಕೊಂಡು 1983ರಲ್ಲಿ ಅವಳೇ ಅವನನ್ನು ಫ್ರಾನ್ಸಿನ ಒಂದು ಕಾರು ರೇಸಿನ ಶಾಲೆಗೆ ಕಳಿಸಿದಳು. ನನ್ನನ್ನು ಹಾಸ್ಟೆಲಿಗೆ ಕಳಿಸಿದ ವರ್ಷವೂ ಅದೇ. ಅವನು ಫಾರ್ಮುಲಾ ಒನ್‌ಗೆ ಬಂದಾಗ ಮೂವತ್ತು ದಾಟಿತ್ತು. ಅಪ್ಪನ ಹಾಗೆಯೇ ತಡವಾಗಿ ಬಂದವನು. 1996ರಲ್ಲಿ ಗೆದ್ದಾಗ, ತಂದೆ ಮಗ ಇಬ್ಬರೂ ಚಾಂಪಿಯನ್ ಆದದ್ದು ಅದೇ ಮೊದಲು. 2016ರಲ್ಲಿ ಬರೆದ ಆತ್ಮಕಥೆಯಲ್ಲಿ, ಆ ರಾತ್ರಿಯ ದುಃಖ ಎಷ್ಟು ವರ್ಷ ತನ್ನನ್ನು ಬಿಡಲಿಲ್ಲ, ಗೆದ್ದ ಮೇಲೂ ಹೇಗೆ ಖಿನ್ನತೆ ಕಾಡಿತು ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಬೆಟ್ 2017ರವರೆಗೆ ಬದುಕಿದ್ದಳು.

ನಮ್ಮ ಕೊನೆಯ ಕಂತು ಮುಟ್ಟಿದ್ದು 1994ರಲ್ಲಿ. ನನಗೆ ಕೆಲಸ ಸಿಕ್ಕಿತ್ತು. ಕಡೆಯ ಆರು ತಿಂಗಳದ್ದು ನನ್ನ ಸಂಬಳದಿಂದಲೇ ಹೋಯಿತು. ರೈಟರ ಹೆಂಡತಿ ಅಂದು ಒಬ್ಬರೇ ಬಂದರು, ಮಗಳ ಮದುವೆಯಾಗಿತ್ತು. ಎಂದಿನಂತೆ ಕಾಫಿ ಕುಡಿದರು. ಹಣ ಸೆರಗಿಗೆ ಕಟ್ಟಿಕೊಂಡು ಎದ್ದವರು ಮೆಟ್ಟಿಲ ಬಳಿ ನಿಂತು ಅಮ್ಮನಿಗೆ, "ಇನ್ನು ಭಾನುವಾರ ಏನು ಮಾಡಬೇಕೋ ತಿಳಿಯೋದಿಲ್ಲ," ಎಂದರು. ಅಮ್ಮ, "ಬನ್ನಿ," ಎಂದರು. ಮುಂದಿನ ತಿಂಗಳು ಅವರು ಬಂದರು. ಅದಾದ ಮೇಲೂ ಕೆಲವು ತಿಂಗಳು ಬಂದರು.

ತಮ್ಮನ ಆ ಪುಸ್ತಕ ಈಗ ನನ್ನ ಹತ್ತಿರ ಇದೆ. ಡೇಮನ್ ಹಿಲ್‌ನ ಚಿತ್ರ ಅಂಟಿಸಿದ ಹಾಳೆಯಿಂದ ಹಿಂದಕ್ಕೆ ಮಗುಚುತ್ತ ಹೋದರೆ ಅಪ್ಪನ ಅಕ್ಷರ ಸಿಗುತ್ತದೆ. ಡೀಸೆಲ್, ಟೈರಿನ ಪಂಕ್ಚರ್, ಯಾರಿಂದ ಎಷ್ಟು ಬಾಕಿ. 1983ರ ಜೂನ್ ಹಾಳೆಯಲ್ಲಿ 'ಇನ್ಶೂರೆನ್ಸ್' ಎಂದು ಬರೆದು, ಅದರ ಮೇಲೊಂದು ಗೆರೆ ಎಳೆದು, ಕೆಳಗೆ ನನ್ನ ಹೆಸರು ಬರೆದಿದ್ದಾರೆ. ತಮ್ಮ ಆ ಹಾಳೆಯ ಮೇಲೆ ಮಾತ್ರ ಏನನ್ನೂ ಅಂಟಿಸಿಲ್ಲ.